ತುಪ್ಪ ಬಿಟ್ಟರೂ ಬಿಪಿ ಏಕೆ ಇಳಿಯುವುದಿಲ್ಲ?

ಪ್ರಶ್ನೆ: ಆರು ತಿಂಗಳಿಂದ ತುಪ್ಪ, ಕರಿದ ತಿಂಡಿ ಮುಟ್ಟಿಲ್ಲ. ಕೊಲೆಸ್ಟರಾಲ್ ಇಳಿಯಿತು, ಬಿಪಿ ಮಾತ್ರ 150ರಲ್ಲೇ ನಿಂತಿದೆ. ರಕ್ತದ ಕೊಬ್ಬು ಇನ್ನೂ ಕರಗಿಲ್ಲವೇ?

ಕೇಳುವವರ ಹೆಸರು, ಊರು ಬದಲಾಗುತ್ತವೆ, ಪ್ರಶ್ನೆ ಇದೇ. ಕೊಲೆಸ್ಟರಾಲ್ ಬೇರೆ, ಬಿಪಿ ಬೇರೆ. ಒಂದು ಇಳಿದರೆ ಇನ್ನೊಂದೂ ಇಳಿಯಬೇಕೆಂಬ ಕರಾರೇನೂ ಇಲ್ಲ.

ಈ ಗೊಂದಲಕ್ಕೆಲ್ಲ ಮೂಲ ಬಚ್ಚಲ ಕೊಳವೆ. ಜಿಡ್ಡು ಕಟ್ಟಿತು, ಕೊಳವೆ ಕಿರಿದಾಯಿತು, ಒತ್ತಡ ಏರಿತು ಎಂಬ ಚಿತ್ರವನ್ನು ಮೊದಲು ಬರೆದವರು ಯಾರೋ, ಒರೆಸುತ್ತಾ ಕುಳಿತವನು ನಾನು.

ತಿಂದ ತುಪ್ಪ ರಕ್ತದಲ್ಲಿ ಜಿಡ್ಡಾಗಿ ತೇಲುವುದಿಲ್ಲ. ಕರುಳಿನ ಗೋಡೆಯಲ್ಲೇ ಅದಕ್ಕೆ ಪ್ರೋಟೀನಿನ ಹೊದಿಕೆ ಬೀಳುತ್ತದೆ. ದುಗ್ಧನಾಳಗಳಲ್ಲಿ ಸುತ್ತಿಬಳಸಿ ಕುತ್ತಿಗೆಯ ಬುಡದಲ್ಲಿ ರಕ್ತಕ್ಕೆ ಸೇರುತ್ತದೆ. ಮದುವೆ ಊಟ ಮಾಡಿ ಮೂರು ಗಂಟೆಯಾದವರ ರಕ್ತವನ್ನು ಪ್ರಯೋಗಾಲಯದಲ್ಲಿ ತಿರುಗಿಸಿಟ್ಟರೆ, ಮೇಲೆ ನಿಲ್ಲುವ ತಿಳಿಹಳದಿ ದ್ರವ ಅಕ್ಕಚ್ಚಿನಂತೆ ಮಸುಕಾಗಿರುವುದುಂಟು. ರಾತ್ರಿಯ ಹೊತ್ತಿಗೆ ಅದೂ ತಿಳಿಯಾಗುತ್ತದೆ.

ತೊಂದರೆ ಕೊಡುವ ಎಲ್‌ಡಿಎಲ್, ಅಂದರೆ ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತು ಸಾಗುವ ಕಣ, ಅದು ಕೂಡ ನಾಳದ ಮೇಲ್ಮೈಗೆ ಮೆತ್ತಿಕೊಳ್ಳುವುದಿಲ್ಲ. ಗಾರೆಯೊಳಗೆ ತೇವ ಹಿಡಿದು ಗೋಡೆ ಉಬ್ಬುವ ಹಾಗೆ ಒಳಪದರಕ್ಕೆ ನುಸುಳುತ್ತದೆ, ದಶಕಗಳ ಕಾಲ. ಅದೂ ದೊಡ್ಡ, ಮಧ್ಯಮ ಗಾತ್ರದ ಅಪಧಮನಿಗಳಲ್ಲಿ. ಒತ್ತಡದ ಕೀಲಿಕೈ ಇರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಕವಲುಗಳ ಬಳಿ. ಅವುಗಳ ಸ್ನಾಯು ಬಿಗಿದು ವ್ಯಾಸ ಅರ್ಧವಾದರೆ ಹರಿವಿಗೆ ತಡೆ 16 ಪಟ್ಟು! ಬಿಗಿಯುವ ಕೆಲಸ ನರ ಮತ್ತು ಹಾರ್ಮೋನುಗಳದು, ನೀರು–ಉಪ್ಪಿನ ಲೆಕ್ಕ ಮೂತ್ರಪಿಂಡದ್ದು. ಹುಟ್ಟಿನಿಂದಲೇ ಕೊಲೆಸ್ಟರಾಲ್ ವಿಪರೀತವಿರುವ ವಂಶಗಳಿವೆ. ನಲವತ್ತರೊಳಗೇ ಹೃದಯಾಘಾತವಾದೀತು, ಬಿಪಿ ನೋಡಿದರೆ 120/80. ಬಚ್ಚಲ ಕೊಳವೆಯವರು ಇದಕ್ಕೆ ಏನು ಹೇಳುತ್ತಾರೋ ಕೇಳಬೇಕು.

ನಂಟೇ ಇಲ್ಲವೆಂದಲ್ಲ, ಬಹುಪಾಲು ಅದು ಎದುರು ದಿಕ್ಕಿನದು. ಏರಿದ ಬಿಪಿ ಒಳಪದರವನ್ನು ಘಾಸಿಗೊಳಿಸಿ ಎಲ್‌ಡಿಎಲ್‌ಗೆ ದಾರಿ ಬಿಡುತ್ತದೆ. ಮೂತ್ರಪಿಂಡದ ಅಪಧಮನಿಯೇ ಕಿರಿದಾದರೆ ಮಾತ್ರ ಕೊಬ್ಬಿನ ಗಂಟು ನೇರವಾಗಿ ಬಿಪಿ ಏರಿಸಬಲ್ಲದು. ಅದಕ್ಕೇ ವೈದ್ಯರು ಎರಡು ಬೇರೆ ಮಾತ್ರೆ ಬರೆಯುವುದು: ನಾಳ ಸಡಿಲಿಸಲು ಅಮ್ಲೋಡಿಪಿನ್, ಕೊಲೆಸ್ಟರಾಲಿಗೆ ಅಟೋರ್ವಾಸ್ಟಾಟಿನ್. ಒಂದನ್ನು ನುಂಗಿ ಇನ್ನೊಂದನ್ನು ಉಳಿಸುವ ಜಾಣತನ ಬೇಡ.

ಈಗ ನನ್ನ ಪ್ರಶ್ನೆ. ತುಪ್ಪ ಬಿಟ್ಟ ಮೇಲೆ ಬಿಸಿ ಅನ್ನಕ್ಕೆ ಏನು ಕಲಸಿಕೊಳ್ಳುತ್ತಿದ್ದೀರಿ? ಉಪ್ಪಿನಕಾಯಿ ತಾನೇ? ಹಪ್ಪಳವನ್ನು ಕರಿಯದೆ ಕೆಂಡದಲ್ಲಿ ಸುಟ್ಟರೆ ಎಣ್ಣೆ ಉಳಿಯಿತು, ಅದರೊಳಗಿನ ಉಪ್ಪು ಎಲ್ಲಿಗೆ ಹೋದೀತು? ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಮಟ್ಟಸವಾದ ಒಂದು ಟೀ ಚಮಚವೂ ಅಲ್ಲ. ಸೈಂಧವ ಲವಣವೂ ಉಪ್ಪೇ, ಮತ್ತೆ ಪತ್ರ ಬರೆಯಬೇಡಿ.

ಯಾರೂ ಕೇಳದ ಇನ್ನೊಂದು ಮಾತು. ಕಡಲೆಕಾಯಿ ಎಣ್ಣೆಯ ಪೊಟ್ಟಣದ ಮೇಲೆ ‘ಕೊಲೆಸ್ಟರಾಲ್ ಇಲ್ಲ’ ಎಂದಿದ್ದರೆ ಅದಕ್ಕೇಕೆ ಹೆಚ್ಚು ಹಣ? ಕೊಲೆಸ್ಟರಾಲ್ ಪ್ರಾಣಿಗಳ ಸರಕು. ಕಡಲೆಕಾಯಿ ಗಿಡಕ್ಕೆ ಯಕೃತ್ತು ಎಲ್ಲಿದೆ? ಕೊಬ್ಬರಿ ಎಣ್ಣೆಯಲ್ಲೂ ಅದು ಇಲ್ಲ, ಆದರೆ ಅದರ ಸ್ಯಾಚುರೇಟೆಡ್ ಕೊಬ್ಬು ಎಲ್‌ಡಿಎಲ್ ಅನ್ನು ಏರಿಸುತ್ತದೆ. ಆ ಅಂಕಿ ಪೊಟ್ಟಣದ ಹಿಂಬದಿಯಲ್ಲಿ ಇರುತ್ತದೆ. ಓದಲು ಕನ್ನಡಕ ಬೇಕಾದೀತು.