ಬ್ಯಾಕ್ಟೀರಿಯಾಗಳ ಮಾತಿಗೆ ಗಿಡದ ಅಡ್ಡಗಾಲು

ಆಲೂಗಡ್ಡೆ ಕೊಳೆತು ನೀರಾಗುವುದನ್ನು ನೋಡಿರುತ್ತೀರಿ. ಸಿಪ್ಪೆ ಹಾಗೇ ಇರುತ್ತದೆ, ಬೆರಳಿಟ್ಟರೆ ಒಳಗೆಲ್ಲ ಲೋಳೆ, ಗಬ್ಬು ವಾಸನೆ. ಪೆಕ್ಟೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಮಾಡುವ ಕೆಲಸ ಇದು. ನಾಲ್ಕೇ ನಾಲ್ಕು ಇದ್ದಾಗ ಅದು ಕೈ ಹಾಕುವುದಿಲ್ಲ. ಆಗಲೇ ಗಿಡವನ್ನು ಕರಗಿಸುವ ಕಿಣ್ವ ಬಿಟ್ಟರೆ ಗಿಡ ಎಚ್ಚೆತ್ತುಕೊಳ್ಳುತ್ತದೆ, ಅಲ್ವಾ? ಸುಮ್ನೆ ಕೂತು, ಬಳಗ ಬೆಳೆಯುವವರೆಗೆ ಕಾಯುತ್ತದೆ.

ಬಳಗ ಬೆಳೆದದ್ದು ಗೊತ್ತಾಗುವುದು ಹೇಗೆ? ಪ್ರತಿಯೊಂದು ಬ್ಯಾಕ್ಟೀರಿಯಾವೂ ಒಂದು ಪುಟ್ಟ ಅಣುವನ್ನು ಹೊರಗೆ ಬಿಡುತ್ತಿರುತ್ತದೆ, ಅದೇ ಅವುಗಳ ಮಾತು. ಸುತ್ತಲೂ ಅಣು ಜಾಸ್ತಿಯಾದರೆ ಜೊತೆಗಾರರೂ ಜಾಸ್ತಿ ಎಂದರ್ಥ. ಆಗ ಎಲ್ಲವೂ ಒಟ್ಟಿಗೆ ಕಿಣ್ವ ಸುರಿಯುತ್ತವೆ. ಈ ಗುಟ್ಟು ಮೊದಲು ಸಿಕ್ಕಿದ್ದು ಗಿಡದಲ್ಲಲ್ಲ, ಕಡಲಲ್ಲಿ. ಗುಂಪಾದಾಗ ಮಾತ್ರ ಬೆಳಗುವ ಬ್ಯಾಕ್ಟೀರಿಯಾಗಳ ಬಗ್ಗೆ ನೀಲ್ಸನ್, ಪ್ಲಾಟ್, ಹೇಸ್ಟಿಂಗ್ಸ್ ಎಂಬ ವಿಜ್ಞಾನಿಗಳು 1970ರಲ್ಲಿ ಬರೆದರು. 1994ರಲ್ಲಿ ಇದಕ್ಕೆ ಕೋರಂ ಸೆನ್ಸಿಂಗ್ ಎಂಬ ಹೆಸರು ಬಂತು. ಸಭೆ ನಡೆಯಲು ಕೋರಂ, ಅಂದರೆ ಇಷ್ಟು ಜನ ಇರಲೇಬೇಕು ಎಂಬ ಸಂಖ್ಯೆ ಬೇಕಲ್ಲ, ಅದೇ ಲೆಕ್ಕ.

ಬ್ಯಾಕ್ಟೀರಿಯಾಗಳ ಈ ಮಾತಿಗೂ ಗಿಡದ ಹಾರ್ಮೋನುಗಳಿಗೂ ನಂಟಿದೆ. ಆ ಕಥೆಗೆ ಅಗ್ರೋಬ್ಯಾಕ್ಟೀರಿಯಂ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಬೇಕು. ಕಾಂಡದ ಬುಡದಲ್ಲಿ ಗಂಟು ಬರಿಸುವುದು ಇದೇ ಎಂದು 1907ರಲ್ಲೇ ಗೊತ್ತಾಗಿತ್ತು. ಅದು ತನ್ನ ಡಿಎನ್‌ಎಯ ಒಂದು ತುಂಡನ್ನು ಗಿಡದ ಜೀವಕೋಶಕ್ಕೆ ತೂರಿಸುತ್ತದೆ ಎಂದು ತಿಳಿದದ್ದು 1977ರಲ್ಲಿ. ಆಕ್ಸಿನ್, ಸೈಟೊಕೈನಿನ್ ಎಂಬ ಗಿಡದ ಹಾರ್ಮೋನುಗಳನ್ನು ಮಾಡುವ ಜೀನ್‌ಗಳು ಆ ತುಂಡಿನಲ್ಲೇ ಇವೆ. ಜೀವಕೋಶಗಳು ಲಂಗುಲಗಾಮಿಲ್ಲದೆ ಬೆಳೆದು ಗಂಟಾಗುತ್ತವೆ. ಗಂಟಿನೊಳಗೆ ಓಪೈನ್ ಎಂಬ ವಸ್ತುವೂ ತಯಾರಾಗುತ್ತದೆ. ಬ್ಯಾಕ್ಟೀರಿಯಾಕ್ಕೆ ಅದು ಊಟ, ಜೊತೆಗೆ ಮಾತು ಶುರುಮಾಡಲು ಸನ್ನೆ. ಗಿಡದ ಮನೆಯಲ್ಲಿ ಗಿಡದ ಖರ್ಚಿನಲ್ಲೇ ಸಭೆ!

ಗಿಡವೂ ಸುಮ್ಮನಿರುವುದಿಲ್ಲ. 1979ರಲ್ಲಿ ವೈಟ್ ಎಂಬ ವಿಜ್ಞಾನಿ ತಂಬಾಕಿನ ಎಲೆಗೆ ಆಸ್ಪಿರಿನ್ ಚುಚ್ಚಿದಾಗ ವೈರಸ್ಸಿನ ಕಲೆಗಳು ಕಡಿಮೆಯಾದವು. ತಲೆನೋವಿನ ಮಾತ್ರೆ ಎಲೆಗೆ! ಆಸ್ಪಿರಿನ್ನಿನ ಹತ್ತಿರದ ನೆಂಟ ಸ್ಯಾಲಿಸಿಲಿಕ್ ಆಮ್ಲ. ರೋಗ ತಗುಲಿದಾಗ ಗಿಡ ಅದನ್ನು ತಾನೇ ತಯಾರಿಸಿ, ಅಪಾಯದ ಸುದ್ದಿ ಹರಡುತ್ತದೆ ಎಂಬುದು 1990ರ ಹೊತ್ತಿಗೆ ಸ್ಪಷ್ಟವಾಯಿತು.

ಈ ಸುದ್ದಿ ಬ್ಯಾಕ್ಟೀರಿಯಾದ ಕಿವಿಗೂ ಬೀಳುತ್ತದೆ ಎಂದು ತೋರಿಸಿದ್ದು 2007ರಲ್ಲಿ, ನೆಸ್ಟರ್ ಎಂಬ ವಿಜ್ಞಾನಿಯ ತಂಡ. ಸ್ಯಾಲಿಸಿಲಿಕ್ ಆಮ್ಲ ತಗುಲಿದರೆ ಅಗ್ರೋಬ್ಯಾಕ್ಟೀರಿಯಂನ ದಾಳಿ ಜೀನ್‌ಗಳು ಮುದುಡುತ್ತವೆ. ಇದಕ್ಕಿಂತ ಮಜಾ ಮುಂದಿದೆ: ಬ್ಯಾಕ್ಟೀರಿಯಾದ ಒಂದು ಕಿಣ್ವ ಎಚ್ಚರಾಗಿ, ಮಾತಿನ ಅಣುವಿನಲ್ಲಿರುವ ಉಂಗುರದಂಥ ಭಾಗವನ್ನೇ ಕತ್ತರಿಸಿಬಿಡುತ್ತದೆ. ಉಂಗುರ ಮುರಿದರೆ ಅಣು ಮೂಕ. ಕತ್ತರಿ ಬ್ಯಾಕ್ಟೀರಿಯಾದ್ದೇ, ಹಿಡಿಸಿದ್ದು ಗಿಡ. ಇಂಥ ಕತ್ತರಿಯನ್ನು ಅದು ಯಾಕಾದರೂ ಇಟ್ಟುಕೊಂಡಿದೆಯೋ!

ಆಲೂಗಡ್ಡೆ ಕೊಳೆಸುವ ಪೆಕ್ಟೋಬ್ಯಾಕ್ಟೀರಿಯಂನ ಮಾತಿಗೂ ಸ್ಯಾಲಿಸಿಲಿಕ್ ಆಮ್ಲ ಅಡ್ಡಬರುತ್ತದೆ ಎಂದು ಆಮೇಲೆ ಕಂಡುಬಂತು. ಬೇರೊಂದು ಬ್ಯಾಕ್ಟೀರಿಯಾದಿಂದ ಇಂಥದ್ದೇ ಕತ್ತರಿಯ ಜೀನನ್ನು ತೆಗೆದು ಆಲೂಗಡ್ಡೆ ಗಿಡಕ್ಕೆ ಸೇರಿಸಿದ ಪ್ರಯೋಗ 2001ರಲ್ಲೇ ಆಗಿತ್ತು. ಆ ಗೆಡ್ಡೆಗಳು ಅಷ್ಟು ಸುಲಭವಾಗಿ ಕೊಳೆಯಲಿಲ್ಲ.