ಬಣ್ಣದ ಕೆಳಗಿದ್ದ ಮೊದಲ ಒಡೆಯ

ಹಳೇ ಹಸ್ತಪ್ರತಿ ಅಂದ ಕೂಡಲೇ ‘ಕಾರ್ಬನ್ ಡೇಟಿಂಗ್ ಮಾಡಿಸಿ, ಎಲ್ಲಾ ಗೊತ್ತಾಗುತ್ತೆ’ ಎನ್ನುವವರು ಜಾಸ್ತಿ. ಎಲ್ಲಾ ಗೊತ್ತಾಗುವುದಿಲ್ಲ! ಯೂರೋಪಿನ ಹಳೇ ಪುಸ್ತಕಗಳಲ್ಲಿ ಬರೆಯಲು ಬಳಸುತ್ತಿದ್ದ ಚರ್ಮದ ಹಾಳೆಯ ವಿಷಯದಲ್ಲಿ ಆ ಪರೀಕ್ಷೆ ಹೇಳುವುದು ಪ್ರಾಣಿ ಸತ್ತ ಕಾಲವನ್ನು, ಅದೂ ದಶಕಗಳ ಅಂದಾಜಿನಲ್ಲಿ. ಜೊತೆಗೆ ಹಾಳೆಯ ಒಂದು ಚೂರು ಕತ್ತರಿಸಿ ಕೊಡಬೇಕು. ಬರೆಸಿದವರು ಯಾರು, ಚಿತ್ರ ಬಿಡಿಸಿದ್ದು ಯಾವ ಊರಿನಲ್ಲಿ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ವ್ಯಾಟಿಕನ್ ಗ್ರಂಥಾಲಯದಲ್ಲಿರುವ ‘ಕೀಜಿ ಕೋಡೆಕ್ಸ್’ ನೋಡಿ. ಕೋಡೆಕ್ಸ್ ಅಂದರೆ ಕೈಬರಹದ ಹಳೇ ಪುಸ್ತಕ. ಚರ್ಚಿನ ಗಾಯಕರಿಗಾಗಿ ಬರೆದ ಸಂಗೀತದ ಪುಸ್ತಕ. 1497ರಲ್ಲಿ ತೀರಿಕೊಂಡ ಸಂಗೀತಗಾರ ಯೊಹಾನೆಸ್ ಓಕೆಗೆಮ್ ರಚಿಸಿದ ಮಾಸ್‌ಗಳು (ಚರ್ಚಿನ ಪೂಜೆಯಲ್ಲಿ ಹಾಡುವ ಸಂಗೀತ) ಹೆಚ್ಚುಕಡಿಮೆ ಎಲ್ಲವೂ ಇದರಲ್ಲಿವೆ. ಹೆಸರನ್ನು ನಂಬಿದರೆ ಇದು ಇಟಲಿಯದು. ಕೀಜಿ ಅಲ್ಲಿಯ ದೊಡ್ಡ ಮನೆತನ, ಪೋಪ್ 7ನೇ ಅಲೆಕ್ಸಾಂಡರ್ ಆ ಮನೆಯವರೇ. ಒಳಗಿನ ಲಾಂಛನವನ್ನು ನಂಬಿದರೆ ಸ್ಪೇನಿನದು. ಅದು ಫರ್ನಾಂಡೆಜ್ ದೆ ಕೊರ್ದೋಬಾ ಮನೆತನದ ಗುರುತು, ಪರಿವಿಡಿಯೂ ಸ್ಪ್ಯಾನಿಷ್‌ನಲ್ಲಿದೆ.

ಎರಡೂ ದಾರಿ ತಪ್ಪಿಸುತ್ತವೆ. ಆ ಲಾಂಛನವನ್ನು ಇನ್ನೊಂದು ಲಾಂಛನದ ಮೇಲೆ ಬಳಿಯಲಾಗಿದೆ. ಅಡಿಯಲ್ಲಿರುವುದು ಈಗಿನ ಫ್ರಾನ್ಸಿನಲ್ಲಿರುವ ಬರ್ಗಂಡಿಯ ಶ್ರೀಮಂತ ಫಿಲಿಪ್ ಬೂಟೋಂ ಮನೆತನದ್ದು. ಸಂಗೀತ ಇತಿಹಾಸಕಾರ ಹರ್ಬರ್ಟ್ ಕೆಲ್‌ಮನ್ 1958ರಲ್ಲಿ ಈ ಗಂಟು ಬಿಡಿಸಿದರು. ಪುಸ್ತಕ ತಯಾರಾದದ್ದು ಈಗಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್‌ನಲ್ಲಿ, 1498 ಮತ್ತು 1503ರ ನಡುವೆ ಎನ್ನುವುದು ಅವರ ಲೆಕ್ಕ. ಐದೇ ವರ್ಷಗಳ ಅಂತರ! ಯಾವ ಕಾರ್ಬನ್ ಪರೀಕ್ಷೆಯೂ ಇಷ್ಟು ಹತ್ತಿರ ಬರುವುದಿಲ್ಲ. ಅಂಚಿನ ಚಿತ್ರಗಳೂ ಅದೇ ಸೀಮೆಯ ಕಡೆ ಕೈ ತೋರಿಸುತ್ತವೆ. ಗೆಂಟ್, ಬ್ರೂಜ್ ಊರುಗಳ ಕಲಾವಿದರು ಅಂಚಿನ ತುಂಬ ಬಿಡಿ ಹೂ, ಕೀಟಗಳನ್ನು ಬರೆದು ಪ್ರತಿಯೊಂದಕ್ಕೂ ಸಣ್ಣ ನೆರಳು ಕೊಡುತ್ತಿದ್ದರು. ಈಗಷ್ಟೇ ಯಾರೋ ಹಾಳೆಯ ಮೇಲೆ ಉದುರಿಸಿ ಹೋದ ಹಾಗೆ ಕಾಣುತ್ತವೆ.

ಇನ್ನು ಹಾಳೆಯ ಚರ್ಮ ಯಾವ ಪ್ರಾಣಿಯದು? ಇದನ್ನು ತಿಳಿಯಲು ಈಗ ಒಂದು ಸೊಗಸಾದ ಉಪಾಯವಿದೆ, ನನಗೆ ಬಹಳ ಇಷ್ಟವಾದದ್ದು. ಹಳೇ ಪುಸ್ತಕಗಳ ಕೊಳೆ ತೆಗೆಯುವವರು ಪ್ಲಾಸ್ಟಿಕ್ ರಬ್ಬರಿನಿಂದ ಹಾಳೆಯನ್ನು ಮೆಲ್ಲಗೆ ಉಜ್ಜುತ್ತಾರೆ. ಉದುರಿದ ಪುಡಿ ಮೊದಲೆಲ್ಲ ಕಸದ ಬುಟ್ಟಿಗೆ ಹೋಗುತ್ತಿತ್ತು. ಆದರೆ ಉಜ್ಜಿದಾಗ ರಬ್ಬರಿನಲ್ಲಿ ವಿದ್ಯುದಾವೇಶ ಹುಟ್ಟುತ್ತದೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರುಗಳನ್ನು ಎಳೆಯುತ್ತದಲ್ವಾ, ಅದೇ ಕೆಲಸ. ಇಲ್ಲಿ ರಬ್ಬರ್ ಎಳೆಯುವುದು ಚರ್ಮದ ಕೊಲಾಜೆನ್ ಪ್ರೋಟೀನನ್ನು. ಆ ಪುಡಿಗೆ ಕಿಣ್ವ ಹಾಕಿದರೆ ಕೊಲಾಜೆನ್ ತುಂಡಾಗುತ್ತದೆ. ತುಂಡುಗಳನ್ನು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ತೂಗುತ್ತದೆ. ಕರು, ಕುರಿ, ಮೇಕೆಗಳ ಕೊಲಾಜೆನ್‌ನಲ್ಲಿ ಕೆಲವು ಅಮೈನೋ ಆಮ್ಲಗಳು ಬೇರೆ ಬೇರೆ. ಹಾಗಾಗಿ ಕೆಲವು ತುಂಡುಗಳ ತೂಕವೂ ಬೇರೆ. ಅಷ್ಟೇ ಸಾಕು, ಪ್ರಾಣಿ ಸಿಕ್ಕಿಬೀಳುತ್ತದೆ. ಹಾಳೆಗೆ ಕತ್ತರಿ ತಾಗಿಸಲೇಬೇಕಿಲ್ಲ.

2015ರಲ್ಲಿ ಯಾರ್ಕ್ ವಿಶ್ವವಿದ್ಯಾಲಯದ ಸಾರಾ ಫಿಡಿಮೆಂಟ್ ಮತ್ತು ಸಂಗಡಿಗರು 13ನೇ ಶತಮಾನದ 72 ಕಿರು ಬೈಬಲ್‌ಗಳನ್ನು ಹೀಗೆ ಪರೀಕ್ಷಿಸಿದರು. ಅಷ್ಟು ತೆಳುವಾದ ಹಾಳೆ ಅಂದರೆ ಹುಟ್ಟದ ಕರುವಿನದೋ, ಮೊಲದ್ದೋ, ಅಳಿಲಿನದೋ ಇರಬೇಕು ಎಂಬ ಮಾತು ಬಹಳ ಕಾಲದಿಂದ ಓಡಾಡುತ್ತಿತ್ತು. ಸಿಕ್ಕಿದ್ದು ಮಾತ್ರ ಕರು, ಮೇಕೆ, ಕುರಿ. ಮೊಲ, ಅಳಿಲುಗಳ ಸುಳಿವೇ ಇರಲಿಲ್ಲ.

ಪ್ರಾಣಿ ಗೊತ್ತಾದ ಮಾತ್ರಕ್ಕೆ ಊರು ಗೊತ್ತಾಗುವುದಿಲ್ಲ, ಚರ್ಮವನ್ನು ದೂರದಿಂದಲೂ ತರಿಸಬಹುದು. ಆದರೆ ಕೈಯಿಂದ ಕೈಗೆ ದಾಟಿದ ಪುಸ್ತಕಗಳಲ್ಲಿ ಇದರ ಉಪಯೋಗ ಬೇರೆಯೇ ಇದೆ. ಪ್ರತಿ ಹಾಳೆಯನ್ನೂ ಉಜ್ಜಿ ನೋಡಬಹುದು. ಕರುವಿನ ಚರ್ಮದ ನಡುವೆ ನಾಲ್ಕು ಹಾಳೆ ಮೇಕೆಯದಾದರೆ, ಆ ನಾಲ್ಕನ್ನು ಆಮೇಲೆ ಹೊಲಿದು ಸೇರಿಸಿರಬಹುದೇ ಎಂದು ಅಲ್ಲಿಂದಲೇ ಹುಡುಕಲು ಶುರುಮಾಡಬಹುದು.