ಎಮ್ಯುಲೇಟರ್‌ನಲ್ಲಿ ಬೀಳೋ ಪ್ಯಾರಿ ಬೋರ್ಡ್ ಮೇಲೆ ಯಾಕೆ ಬೀಳಲ್ಲ

"ಅಣ್ಣಾ, ಮನೇಲಿ ಎಮ್ಯುಲೇಟರಲ್ಲಿ ಹತ್ತಕ್ಕೆ ಒಂಬತ್ತು ಸಲ ಪ್ಯಾರಿ ಬೀಳತ್ತೆ, ಹೊರಗಡೆ ಹೋದ್ರೆ ಒಂದೂ ಬೀಳಲ್ಲ, ಲಿವರ್ ಹೋಗಿರ್ಬೇಕು ನೋಡಿ." ಗೇಮ್ ಆಡೋ ಸ್ಟಿಕ್ ರಿಪೇರಿಗೆ ನನ್ನ ಹತ್ರ ಬರೋ ಹುಡುಗ್ರಲ್ಲಿ ಸುಮಾರು ಜನ ಹೇಳೋದು ಇದನ್ನೇ, ಬಿಚ್ಚಿ ನೋಡಿದ್ರೆ ಮೈಕ್ರೋಸ್ವಿಚ್ಚು ವೈರು ಎಲ್ಲಾ ಸರಿಯಾಗೇ ಇರತ್ತೆ. ಎಮ್ಯುಲೇಟರ್ ಅಂದ್ರೆ ಹಳೇ ಆರ್ಕೇಡ್ ಆಟನ ಕಂಪ್ಯೂಟರಲ್ಲಿ ಓಡಿಸೋ ಸಾಫ್ಟ್‌ವೇರ್, ಬೋರ್ಡ್ ಅಂದ್ರೆ ಆರ್ಕೇಡ್ ಮಷೀನೊಳಗಿನ ಅಸಲಿ ಸರ್ಕ್ಯೂಟ್.

ಹೆಚ್ಚಾಗಿ ಇವ್ರು ಆಡೋದು 1999ರ ಸ್ಟ್ರೀಟ್ ಫೈಟರ್ 3 ಥರ್ಡ್ ಸ್ಟ್ರೈಕ್ ಅನ್ನೋ ಫೈಟಿಂಗ್ ಆಟ. ಇದ್ರಲ್ಲಿ ಪ್ಯಾರಿ ಅಂದ್ರೆ ಏಟು ತಾಗೋ ಹೊತ್ತಿಗೆ ಸರಿಯಾಗಿ ಲಿವರ್‌ನ ಎದುರಾಳಿ ಕಡೆಗೇ ಒಂದ್ಸಲ ತಟ್ಟೋದು, ತಪ್ಪಿದ್ರೆ ಬ್ಲಾಕೂ ಇಲ್ಲ, ಏಟು ನೇರ ಮೈಮೇಲೆ. ನೆಲದ ಮೇಲೆ ನಿಂತಿದ್ರೆ ಅದಕ್ಕೆ ಸಿಗೋ ಟೈಮು 10 ಫ್ರೇಮ್ (ಸ್ಕ್ರೀನ್ ಮೇಲೆ ಸೆಕೆಂಡಿಗೆ ಸುಮಾರು 60 ಚಿತ್ರ ಬರತ್ತೆ, ಒಂದೊಂದು ಚಿತ್ರಾನೂ ಒಂದು ಫ್ರೇಮ್), ಅಂದ್ರೆ ಸೆಕೆಂಡ್‌ನಲ್ಲಿ ಆರನೇ ಒಂದು ಭಾಗ, ಬ್ಲಾಕ್ ಮಾಡ್ತಾ ಇರೋವಾಗ್ಲೇ ಹೊಡೆಯೋ ರೆಡ್ ಪ್ಯಾರಿಗಂತೂ ಎರಡು ಮೂರು ಫ್ರೇಮ್ ಅಷ್ಟೇ. 2004ರ ಎವೋ ಅನ್ನೋ ದೊಡ್ಡ ಫೈಟಿಂಗ್ ಗೇಮ್ ಟೂರ್ನಮೆಂಟಲ್ಲಿ ಜಪಾನಿನ ಆಟಗಾರ ದೈಗೋ ಉಮೆಹಾರಾ ಬ್ಲಾಕ್ ಮಾಡಿದ್ರೂ ಸಾಯೋ ಅಷ್ಟು ಕಮ್ಮಿ ಜೀವ ಇಟ್ಕೊಂಡು ಜಸ್ಟಿನ್ ವಾಂಗ್‌ನ ಚುನ್-ಲೀ ಅನ್ನೋ ಕ್ಯಾರೆಕ್ಟರ್ ಹೊಡೆಯೋ ಸೂಪರ್ ಏಟಿನ 15 ಒದೆತಾನೂ ಪ್ಯಾರಿ ಮಾಡಿದ್ರಲ್ಲ, ಆ ವಿಡಿಯೋ ನೋಡಿ ಆಟಕ್ಕೆ ಇಳಿದೋರೇ ಜಾಸ್ತಿ.

ಎಲ್ರೂ ಎಮ್ಯುಲೇಟರ್‌ನಲ್ಲಿ ಲ್ಯಾಗ್ (ಒತ್ತಿದ್ದು ಸ್ಕ್ರೀನಲ್ಲಿ ಕಾಣೋಕೆ ಆಗೋ ತಡ) ಇರತ್ತೆ, ಅದಕ್ಕೇ ಅದು ಕೆಟ್ಟದ್ದು ಅಂತಾರೆ. ನಾನು ಒಪ್ಪಲ್ಲ. ಲ್ಯಾಗ್ ಎಷ್ಟೇ ಇರ್ಲಿ, ಒಂದೇ ಸಮ ಇದ್ರೆ ಕೈ ಕೆಲವು ದಿನದಲ್ಲಿ ಅದಕ್ಕೆ ಒಗ್ಗಿಕೊಳ್ಳತ್ತೆ, ಒಂದು ಏಟಿಗೆ ಮೂರು ಫ್ರೇಮ್ ಮುಂದಿನ ಏಟಿಗೆ ಐದು ಫ್ರೇಮ್ ಅಂತ ಏರುಪೇರಾದ್ರೆ ಮಾತ್ರ ವರ್ಷಗಟ್ಟಲೆ ಆಡಿದ್ರೂ ಕೈಗೆ ಕೂರಲ್ಲ. ಈ ಆಟದ ಸಿಪಿಎಸ್-3 ಬೋರ್ಡ್ ಓಡೋದು ಸೆಕೆಂಡಿಗೆ 59.6 ಫ್ರೇಮ್ ಲೆಕ್ಕದಲ್ಲಿ, ನಮ್ಮ ಮಾನಿಟರ್ 60, ವಿಸಿಂಕ್ (ಚಿತ್ರನ ಮಾನಿಟರ್ ತಾಳಕ್ಕೆ ಕಾಯಿಸೋ ಸೆಟ್ಟಿಂಗ್) ಹಾಕಿ ಆಟದ ಸ್ಪೀಡ್ ಹಾಗೇ ಬಿಟ್ರೆ ಎರಡೂವರೆ ಸೆಕೆಂಡಿಗೊಂದ್ಸಲ ಒಂದು ಫ್ರೇಮ್ ಎರಡು ಸಲ ಕಾಣಿಸತ್ತೆ, ಕಣ್ಣಿಗೆ ಗೊತ್ತಾಗಲ್ಲ, ರೆಡ್ ಪ್ಯಾರಿಗೆ ಗೊತ್ತಾಗತ್ತೆ. ಆಟದ ಸ್ಪೀಡಿಗೆ ತಾನೇ ಹೊಂದಿಕೊಳ್ಳೋ ಫ್ರೀಸಿಂಕ್ ಥರದ್ದಿರೋ ಮಾನಿಟರ್ ಇದ್ರೆ ಈ ತೊಂದ್ರೆ ಇಲ್ಲ.

ಇನ್ನೊಂದು ಕಡೆ ರನ್-ಅಹೆಡ್ ಅಂತ ಸೆಟ್ಟಿಂಗ್ ಇದೆ, ಎಮ್ಯುಲೇಟರ್ ಮುಂದಿನ ಫ್ರೇಮ್‌ನ ಮೊದ್ಲೇ ಲೆಕ್ಕ ಹಾಕಿ ತೋರಿಸಿಬಿಡತ್ತೆ, ಆಟದೊಳಗೇ ಇರೋ ತಡಾನೂ ಇದ್ರಿಂದ ಕಮ್ಮಿ ಆಗತ್ತೆ, ಅಂದ್ರೆ ಅಸಲಿ ಬೋರ್ಡಿಗಿಂತ ಎಮ್ಯುಲೇಟರೇ ಫಾಸ್ಟ್ ಆಗ್ಬಹುದು! ಅಂಥದ್ರಲ್ಲಿ ಕೈ ಪಳಗಿಸಿಕೊಂಡೋನು ಬೋರ್ಡ್ ಮುಂದೆ ನಿಂತ್ರೆ ಎಲ್ಲಾ ಲೇಟಾಗಿ ಬರ್ತಿದೆ ಅನ್ನಿಸತ್ತೆ. ಟೂರ್ನಮೆಂಟ್ ಬೋರ್ಡ್ ಮೇಲೆ ಅಂತ ಗೊತ್ತಿದ್ರೆ ದಯವಿಟ್ಟು ಅದನ್ನ ಆಫ್ ಮಾಡಿ.

ಲ್ಯಾಗ್ ಅಳೆಯೋದು ಸುಲಭ, ಫೋನಲ್ಲಿ 240 ಫ್ರೇಮ್ ಸ್ಲೋ ಮೋಷನ್ ಇಟ್ಟು ಬಟನ್ನು ಸ್ಕ್ರೀನು ಎರಡೂ ಕಾಣೋ ಹಾಗೆ ತೆಗೀರಿ, ಬಟನ್ ತಳಮುಟ್ಟಿದ ಕಡೆಯಿಂದ ಕ್ಯಾರೆಕ್ಟರ್ ಅಲುಗೋ ತನಕ ಒಂದೊಂದೇ ಫ್ರೇಮ್ ಎಣಿಸಿ, ನಾಲ್ಕು ಎಣಿಸಿದ್ರೆ ಆಟದ ಒಂದು ಫ್ರೇಮ್. ಹತ್ತು ಸಲ ಮಾಡಿ, ಸರಾಸರಿ ಎಷ್ಟು ಅನ್ನೋದಕ್ಕಿಂತ ಮುಖ್ಯವಾಗಿ ಅತಿ ಕಮ್ಮಿಗೂ ಅತಿ ಜಾಸ್ತಿಗೂ ಎಷ್ಟು ಅಂತರ ಅಂತ ನೋಡಿ.

ಕೀಬೋರ್ಡ್‌ನಲ್ಲಿ ಆಡೋರಿಗೆ ಒಂದು ಮಾತು. ಅಗ್ಗದ ಕೀಬೋರ್ಡ್ ಮೂರು ನಾಲ್ಕು ಕೀ ಒಟ್ಟಿಗೆ ಒತ್ತಿದ್ರೆ ಒಂದನ್ನ ನುಂಗಿಬಿಡತ್ತೆ, ಜೊತೆಗೆ ಹಿಂದೆ ಮುಂದೆ ಎರಡನ್ನೂ ಒಟ್ಟಿಗೆ ಹಿಡೀಬಹುದು, ಲಿವರ್‌ನಲ್ಲಿ ಅದು ಸಾಧ್ಯಾನೇ ಇಲ್ಲ, ಕೈಗೆ ಬಂದಿದ್ದ ಅಭ್ಯಾಸ ಅಲ್ಲಿ ಕೆಲಸಕ್ಕೆ ಬರಲ್ಲ.

ಅಷ್ಟಾದ್ರೂ ಕಲಿಯೋಕೆ ಎಮ್ಯುಲೇಟರ್‌ಗಿಂತ ಒಳ್ಳೇ ಜಾಗ ಇಲ್ಲ ಅಂತೀನಿ. ಹಿಟ್‌ಬಾಕ್ಸ್ (ಏಟು ತಾಗೋ ಜಾಗದ ಚೌಕ) ಕಾಣಿಸತ್ತೆ, ಒತ್ತಿದ್ದು ಯಾವ ಫ್ರೇಮಿಗೆ ಬಿತ್ತು ಅಂತ ತೋರಿಸತ್ತೆ, ಸೇವ್ ಸ್ಟೇಟ್ (ಆಟನ ಇದ್ದ ಸ್ಥಿತೀಲೇ ಉಳಿಸಿಡೋದು) ಇಟ್ಟು ಅದೇ ಏಟನ್ನ ನೂರು ಸಲ ಕರೀಬಹುದು. ಸೇವ್ ಸ್ಟೇಟ್‌ನಲ್ಲಿ ಒಂದು ಮೋಸ ಇದೆ, ಲೋಡ್ ಆದ್ಮೇಲೆ ಏಟು ಪ್ರತೀ ಸಲ ಅಷ್ಟೇ ಹೊತ್ತಿಗೆ ಬರತ್ತೆ, ಹಾಗಾಗಿ ಕೈ ಏಟನ್ನ ನೋಡಿ ತಟ್ಟೋದು ಬಿಟ್ಟು ಲೋಡ್ ಆದ ತಾಳಕ್ಕೆ ತಟ್ಟೋಕೆ ಶುರು ಮಾಡತ್ತೆ. ಐದಾರು ಬೇರೆ ಬೇರೆ ಸ್ಟೇಟ್ ಮಾಡಿ ಕಲಸಿ ಆಡಿ. ಇನ್ನು ಸಿಪಿಎಸ್-3 ಕಾರ್ಟ್ರಿಡ್ಜ್ ಒಳಗಿನ ಬ್ಯಾಟರಿ ಸತ್ರೆ ಆಟದ ಗುಪ್ತ ಲಿಪಿ ಬಿಚ್ಚೋ ಡಿಕ್ರಿಪ್ಷನ್ ಕೀ ಅಳಿಸಿಹೋಗಿ ಆಟ ಆನೇ ಆಗಲ್ಲ, ದಿನಾ ಅಭ್ಯಾಸಕ್ಕೆ ಅಂಥ ಬೋರ್ಡ್ ಎಲ್ಲಿಂದ ತರೋದು.

ಹೋದ ಸಲ ಬಂದ ಹುಡುಗ ಟೂರ್ನಮೆಂಟಲ್ಲಿ ಮೊದ್ಲ ಮ್ಯಾಚಲ್ಲೇ ಸೋತು ಅಳೋ ಹಾಗಾಗಿದ್ದ, ಅಲ್ಲಿ ಇಟ್ಟಿದ್ದ ಥರದ್ದೇ ಟಿವಿ ಅವ್ನ ಚಿಕ್ಕಪ್ಪನ ಮನೇಲಿತ್ತು. ಆ ಟಿವೀಲೇ ಆಟ ಹಾಕಿ ಸ್ಟಿಕ್ ಜೋಡಿಸಿ ಎಣಿಸಿದ್ವಿ, ಫೋನ್ ಲೆಕ್ಕದಲ್ಲಿ 29 ಬಂತು, ಟಿವಿಯ ಗೇಮ್ ಮೋಡ್ (ತಡ ಕಮ್ಮಿ ಮಾಡೋ ಸೆಟ್ಟಿಂಗ್) ಆನ್ ಮಾಡಿ ಮತ್ತೆ ಎಣಿಸಿದ್ರೆ 17, ಅಂದ್ರೆ ಮೂರು ಫ್ರೇಮ್ ಆ ಟಿವಿ ಒಂದೇ ತಿಂತಾ ಇತ್ತು. ಅವ್ನು ಇನ್ನೊಂದ್ಸಲ ಎಣಿಸಣ್ಣಾ ಅಂದ, ಎಣಿಸಿದೆ, 17ಏ. ಸ್ಟಿಕ್‌ನ ಬ್ಯಾಗಿಗೆ ಹಾಕ್ಕೊಂಡು, ಮುಂದಿನ ಸಲ ಆಡೋಕೆ ಮುಂಚೆ ಟಿವಿ ರಿಮೋಟ್ ಕೇಳ್ತೀನಿ ಅಂತ ಹೇಳಿ ಹೋದ.